ಈ ವಾರ ನೆಟ್‌ನ್ಯಾಗ ಸಿಕ್ಕ ಐದು: ಗಂಟೆಯಂಗ ಅನ್ನೋ ಬಂಡೆ, ಗೋಪುರ ಹೊತ್ತ ಕಲ್ಲಿನ ರಥ, ಇನ್ನ ಮೂರು. ಯಾವ್ದು ಖರೆ?

ಪಲ್ಲಕ್ಕಿಗುಂಡು, ಕೊಪ್ಪಳ

ಎಲ್ಲಾರಿಗೂ ನಮಸ್ಕಾರ್ರಿ. ಓಣಿ ಗ್ರಂಥಾಲಯದ ವಾಟ್ಸಾಪ್ ಗುಂಪಿಗೆ ಪ್ರತಿ ಭಾನುವಾರ "ವಾರದಾಗ ಸಿಕ್ಕಿದ್ದು" ಅಂತ ಐದು ತುಣುಕು ಹೋಗತಾವು. ಸಾಲಿ ಹುಡುಗರು ಓದತಾರ, ಕೆಲವ್ರು ನೋಟ್‌ಬುಕ್ಕಿಗೆ ಬರಕೋತಾರ. ಹಂಗಾಗಿ ಸುಳ್ಳು ಒಂದೂ ಹೋಗಬಾರದು. ಈ ಸಲ ಐದೂ ನಮ್ಮ ಸೀಮಿವೇ ಸಿಕ್ಕಾವು.

ಒಂದನೇದು, ಬಳ್ಳಾರಿ ಹತ್ರ ಸಂಗನಕಲ್ಲು ಗುಡ್ಡದ ಮ್ಯಾಲೆ ಬಂಡೆಗೆ ಸಣ್ಣ ಕಲ್ಲಿಲೆ ಬಡದ್ರ ಗಂಟೆ ಬಾರಿಸಿದಂಗ ಸಪ್ಪಳ ಬರೋ ವಿಡಿಯೊ. ಕೆಳಗ "ಬಂಡೆಯೊಳಗ ಲೋಹ ಐತಿ" ಅಂತ ಬರದಾರ. ಎರಡನೇದು ಹಂಪಿ ಕಲ್ಲಿನ ರಥದ ಕಪ್ಪು-ಬಿಳುಪು ಫೋಟೊ. ರಥದ ನೆತ್ತಿ ಮ್ಯಾಲೆ ಗೋಪುರ ಐತಿ! "ಇದು 1856ರ ಫೋಟೊ" ಅಂತ ಒಬ್ರು, "ಎಐ ಮಾಡಿದ್ದು" ಅಂತ ಇನ್ನೊಬ್ರು. ಮೂರನೇದು "ಇಡೀ ಭಾರತದಾಗ ಅಶೋಕನ ಹೆಸರಿರೋ ಶಾಸನ ಮಸ್ಕಿದೊಂದೇ" ಅನ್ನೋ ಪೋಸ್ಟರ್. ನಾಲ್ಕನೇದು ರಾಯಚೂರು ಕೋಟೆಯ ಉದ್ದನೆ ಕಲ್ಲು. ಅದನ್ನ ಎಳಕೊಂಡು ಬಂದ ಚಿತ್ರಾನೂ ಅಲ್ಲೇ ಕೆತ್ಯಾರಂತ. ಐದನೇದು ತುಂಗಭದ್ರಾ ಗೇಟಿನ ವಿಡಿಯೊ, "ಲಕ್ಷ ಕ್ಯೂಸೆಕ್ ಬಿಟ್ಟಾರ, ನಾಳೆಗೆ ಡ್ಯಾಂ ಖಾಲಿ" ಅಂತ.

ಯಾವ್ದನ್ನ ಹಾಕಬಹುದು, ಕೆಳಗ ಏನು ಬರೀಬೇಕು, ನೀವು ಹೆಂಗ ತಪಾಸ ಮಾಡತೀರಿ, ತಿಳಿಸ್ರಿ. ಇನ್ನೊಂದು ತೊಂದರಿ ಐತಿ: ಎರಡು ತಿಂಗಳ ಹಿಂದ ಹಾಕಿದ ಲಿಂಕ್ ಒತ್ತಿದ್ರ ಪುಟಾನೇ ಇರಂಗಿಲ್ಲ. ಅದಕ್ಕೂ ಒಂದು ದಾರಿ ಹೇಳ್ರಿ.

ಕರಿಕಲ್ಲು, ಬಳ್ಳಾರಿ

ಬಂಡೆ ವಿಡಿಯೊ ಧೈರ್ಯವಾಗಿ ಹಾಕ್ರಿ, ಕೆಳಗಿನ ಸಾಲು ಮಾತ್ರ ತೆಗೀರಿ. ಒಳಗೆ ಲೋಹದ ಗಟ್ಟಿ ಏನೂ ಇಲ್ಲ.

ಸಂಗನಕಲ್ಲು, ಕಪ್ಪಗಲ್ಲು ಸುತ್ತಿನ ಗುಡ್ಡಗಳು ಬಹುಪಾಲು ಗ್ರಾನೈಟ್. ಆ ಗ್ರಾನೈಟಿನ ಬಿರುಕಿನೊಳಗೆ ಕೆಳಗಿಂದ ಶಿಲಾರಸ ನುಗ್ಗಿ, ಹೆಪ್ಪುಗಟ್ಟಿ, ಗೋಡೆ ಕಟ್ಟಿದಂಗೆ ನಿಂತ ಕಪ್ಪು ಪಟ್ಟಿ ಐತೆ. ಪುಸ್ತಕದಲ್ಲಿ ಅದನ್ನ ಡಾಲರೈಟ್ ಡೈಕ್ ಅಂತಾರೆ, ಕಲ್ಲು ಕೆಲಸದವರು ಕರಿಕಲ್ಲು ಅಂತಾರೆ. ಅದರ ಹರಳುಗಳು ಸಣ್ಣವು, ಒಂದರೊಳಗೊಂದು ಹೆಣೆದುಕೊಂಡಿವೆ, ನಡುವೆ ಪೊಳ್ಳಿಲ್ಲ. ಪೆಟ್ಟಿನ ನಡುಕ ಒಳಗೆ ಎಲ್ಲೂ ಇಂಗಿ ಹೋಗದೆ ಬಹಳ ಹೊತ್ತು ಓಡಾಡುತ್ತೆ. ಅದೇ ನಿಮಗೆ ಗಂಟೆಯ ಸದ್ದಾಗಿ ಕೇಳೋದು.

ಆದ್ರೆ ಕಲ್ಲಿನ ಜಾತಿ ಒಂದೇ ಸಾಲದು, ಕೂತ ರೀತಿನೂ ಬೇಕು. ಎರಡು ಮೂರು ಕಡೆ ಮಾತ್ರ ಊರಿಕೊಂಡು ಉಳಿದ ಮೈ ಗಾಳಿಗೆ ಬಿಟ್ಟಿರೋ ಬಂಡೆ ಮಾತ್ರ ನಾದ ಕೊಡುತ್ತೆ. ಅದೇ ಕಲ್ಲು ಅರ್ಧ ಮಣ್ಣಲ್ಲಿ ಹೂತಿದ್ರೆ "ಟಕ್" ಅಂತ ಸತ್ತ ಸದ್ದು. ಗುಡಿ ಗಂಟೆನ ಕೈಯಲ್ಲಿ ಅಮುಕಿ ಹಿಡಿದು ಬಾರಿಸಿದಂಗೆ. ಒಳಗೆ ಕೂದಲೆಳೆ ಬಿರುಕಿದ್ರೂ ನಾದ ಹೋಗುತ್ತೆ. ಸಂತೇಲಿ ಗಡಿಗೆ ಕೊಳ್ಳೋವಾಗ ಬೆರಳಲ್ಲಿ ತಟ್ಟಿ ನೋಡ್ತಾರಲ್ಲ, ಅದೇ ಲೆಕ್ಕ. ಹಾಗಾಗಿ ಪಕ್ಕ ಪಕ್ಕದ ಎರಡು ಬಂಡೆ, ಒಂದು ಹಾಡುತ್ತೆ, ಒಂದು ಮೂಕ. ನೋಡಿದವರು "ಒಳಗೆ ಏನೋ ಐತೆ" ಅನ್ನೋದು ಇದಕ್ಕೇ.

ಹಾಡೋ ಬಂಡೆಗಳ ಮೇಲೆ ಸಣ್ಣ ಸಣ್ಣ ಬಟ್ಟಲಿನಂಥ ಗುಳಿ, ಉದ್ದನೆ ತೋಡು ಕಾಣ್ತವೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಬಡಿದು ಸವೆದದ್ದು. ಅಲ್ಲೇ ಸುತ್ತ ನವಶಿಲಾಯುಗದ ಗೀರುಚಿತ್ರಗಳಿವೆ, ಅದರಲ್ಲಿ ಹೆಚ್ಚಿನವು ಉದ್ದ ಕೊಂಬಿನ ದನಗಳು. ಉಳಿಯಿಂದ ಕೆತ್ತಿದ್ದಲ್ಲ, ಗಟ್ಟಿ ಕಲ್ಲಿಂದ ಜಜ್ಜಿ ಜಜ್ಜಿ ಮೂಡಿಸಿದ್ದು. ಈ ಚಿತ್ರಗಳ ಬಗ್ಗೆ 1892ರಲ್ಲೇ ಬರಹ ಬಂದಿತ್ತು. ಚಿತ್ರ ಮತ್ತೆ ನಾದ ಎರಡನ್ನೂ ಜೋಡಿಸಿ ಅಧ್ಯಯನ ಮಾಡಿದ ಪುರಾತತ್ವ ತಜ್ಞೆ ನಿಕೋಲ್ ಬೋವಿನ್ ಅವರ ಲೇಖನ 2004ರಲ್ಲಿ "ಆ್ಯಂಟಿಕ್ವಿಟಿ" ಪತ್ರಿಕೆಯಲ್ಲಿ ಬಂತು, ಆಮೇಲೆ ಜಗತ್ತಿಗೆಲ್ಲ ಗೊತ್ತಾಯ್ತು. ಅಲ್ಲಿಯ ಹಿರೇಗುಡ್ಡದಲ್ಲೇ ಇದೇ ಡಾಲರೈಟಿನಿಂದ ಕೊಡಲಿ ಮಾಡ್ತಿದ್ದ ಜಾಗನೂ ಸಿಕ್ಕಿದೆ. ದಿನಾ ಕಲ್ಲು ಒಡೆಯೋರಿಗೆ ಯಾವುದು ನಾದದ ಕಲ್ಲು ಅಂತ ಕಿವಿಗೇ ಗೊತ್ತಾಗಿರುತ್ತೆ ಅನ್ನೋದು ನನ್ನ ಅಭಿಪ್ರಾಯ.

ವಿಡಿಯೊದ ಸದ್ದು ಆಮೇಲೆ ಸೇರಿಸಿದ್ದಾ ಅಂತ ತಿಳೀಬೇಕಂದ್ರೆ ಹೆಡ್‌ಫೋನ್ ಹಾಕಿ ಕಾಲು ವೇಗದಲ್ಲಿ ಓಡಿಸ್ರಿ. ಬಡಿಯೋ ಜಾಗ ನಾಲ್ಕು ಬೆರಳು ಸರಿದ್ರೆ ಸದ್ದು ಕೊಂಚವಾದ್ರೂ ಬದಲಾಗಬೇಕು, ಬಡಿದ ಬಿರುಸಿನ ಮೇಲೆ ನಾದದ ಉದ್ದ ಹೆಚ್ಚುಕಮ್ಮಿ ಆಗಬೇಕು. ಹತ್ತು ಪೆಟ್ಟಿಗೂ ಚೂರೂ ವ್ಯತ್ಯಾಸ ಇಲ್ಲದೆ ಒಂದೇ ಸದ್ದು ಒಂದೇ ಉದ್ದ ಬಂದ್ರೆ ಒಂದೇ ಸದ್ದನ್ನ ಹತ್ತು ಸಲ ಅಂಟಿಸಿರಬಹುದು. ತದ್ವಿರುದ್ಧವಾಗಿ, ನಾದ ಮಧ್ಯದಲ್ಲೇ ಕತ್ತರಿಸಿದಂಗೆ ನಿಂತ್ರೆ ಸುಳ್ಳು ಅನ್ನಬೇಡ್ರಿ. ಫೋನಿನ ಗದ್ದಲ ತಡೆಯೋ ಸೌಲಭ್ಯ ಆ ಬಾಲವನ್ನ ಗಾಳಿ ಸದ್ದು ಅಂದುಕೊಂಡು ನುಂಗಿರುತ್ತೆ.

ದಯವಿಟ್ಟು ಒಂದು ಸಾಲು ಜೊತೆಗೆ ಹಾಕ್ರಿ: ಅಲ್ಲಿಗೆ ಹೋದ್ರೆ ಬಾರಿಸಬೇಡಿ. ಕಬ್ಬಿಣದ ಸುತ್ತಿಗೆ ಒಂದು ಪೆಟ್ಟಿಗೆ ಸಾವಿರಾರು ವರ್ಷದ ಸವಕಲು ಮೇಲ್ಮೈ ಚಕ್ಕೆ ಎದ್ದು ಹೋಗುತ್ತೆ. ಚಿತ್ರ ಸ್ಪಷ್ಟ ಕಾಣಲಿ ಅಂತ ಸುಣ್ಣದ ಕಡ್ಡಿ ಗೀಚೋದೂ ಬೇಡ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಬಿಸಿಲು ಓರೆ ಬಿದ್ದಾಗ ಗೀರು ತಾನಾಗೇ ಏಳುತ್ತೆ. ಮಧ್ಯಾಹ್ನ ನೆತ್ತಿ ಬಿಸಿಲಲ್ಲಿ ಏನೂ ಕಾಣಲ್ಲ. ಹುಡುಗರನ್ನ ಕರ್ಕೊಂಡು ಹೋಗೋದಿದ್ರೆ ಮೊದಲು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ ತೋರಿಸ್ರಿ, ಆಮೇಲೆ ಗುಡ್ಡ.

ಕೋಟೆ ಓಣಿ, ರಾಯಚೂರು

ಮಸ್ಕಿ ಪೋಸ್ಟರ್ ಅರ್ಧ ಖರೆ ಅದ. ಅರ್ಧ ಖರೆ ಇರೋದಕ್ಕೇ ಅದನ್ನ ಯಾರೂ ತಿದ್ದೂದಿಲ್ಲ.

ಮೊದಲು ಖರೆ ಭಾಗ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮ್ಯಾಲೆ ಶಾಸನಗಳಾಗ ಸಿಗ್ತಿದ್ದದ್ದು "ದೇವಾನಂಪಿಯ ಪಿಯದಸಿ" ಅನ್ನೋ ಬಿರುದು. ಆ ರಾಜ ಅಶೋಕನೇ ಅಂತ ಸಿಂಹಳದ ಗ್ರಂಥಗಳ ಮ್ಯಾಲಿಂದ ಹೇಳ್ತಿದ್ರು. 1915ರಲ್ಲಿ ಬಂಗಾರದ ಗಣಿ ಕೆಲಸದ ಇಂಜಿನಿಯರ್ ಸಿ. ಬೀಡನ್ ಮಸ್ಕಿ ಗುಡ್ಡದ ಬಂಡೆ ಮ್ಯಾಲಿನ ಅಕ್ಷರ ಕಂಡ್ರು. ಅದರಾಗ "ದೇವಾನಂಪಿಯಸ ಅಸೋಕಸ" ಅಂತ ಬಿರುದು ಹೆಸರು ಎರಡೂ ಜೋಡಿಯಾಗಿ ಸಿಕ್ಕವು. ಅಲ್ಲಿಗೆ ಅನುಮಾನ ಮುಗೀತು.

ಈಗ ಸುಳ್ಳು ಭಾಗ. "ಒಂದೇ" ಅನ್ನೋದು ತಪ್ಪು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಾಗ, ನಮ್ಮ ಮಗ್ಗಲಾಗೇ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತ ಉಡೇಗೋಳದಾಗ ಅಶೋಕನ ಹೆಸರು ಸಿಕ್ಕದ. ನಿಮ್ಮ ಕೊಪ್ಪಳದ ಗವಿಮಠ, ಪಲ್ಕಿಗುಂಡು ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಅವೂ ಅಶೋಕನವೇ, ಆದ್ರ ಅಲ್ಲಿ ಬಿರುದು ಮಾತ್ರ ಅದ, ಹೆಸರಿಲ್ಲ. ಹಂಗಾಗಿ "ಅಶೋಕನ ಹೆಸರು ಮೊದಲು ಸಿಕ್ಕ ಶಾಸನ ಮಸ್ಕಿ" ಅಂತ ಬರೀರಿ. ಒಂದು ಪದ ಬದಲಾದ್ರ ಸಾಕು, ಪೂರಾ ಸರಿ ಆಗ್ತದ.

ಪೋಸ್ಟರಿನ ಫೋಟೊನೂ ನೋಡಬೇಕು. ಬ್ಯಾರೆ ಯಾವುದೋ ಶಾಸನದ ಚಿತ್ರ ಹಾಕಿ ಮಸ್ಕಿ ಅಂದಿರಬಹುದು. ಬ್ರಾಹ್ಮಿ ಬರದವರೂ ಹೆಸರನ್ನ ಗುರುತು ಹಿಡೀಲಿಕ್ಕೆ ಒಂದು ಉಪಾಯ ಅದ. ಹೆಸರು ನಾಲ್ಕು ಅಕ್ಷರ: ಅ, ಸೋ, ಕ, ಸ. ಬ್ರಾಹ್ಮಿಯ "ಕ" ಅಂದ್ರ ಗಣಿತದ ಕೂಡಿಸೋ ಚಿಹ್ನೆ, ಥೇಟ್ ಹಂಗೇ. ಅದರ ಎಡಕ್ಕೂ ಬಲಕ್ಕೂ ಇರೋ ಅಕ್ಷರದ ಮೈ ಒಂದೇ ನಮೂನಿ, ಯಾಕಂದ್ರ ಎರಡೂ "ಸ". ಎಡದಕ್ಕ ಮಾತ್ರ "ಓ" ಸ್ವರದ ಅಡ್ಡಗೆರೆ ಇರ್ತದ. ಈ ಶಾಸನದ ಪ್ರಾಕೃತದಾಗ ಈ ಹೆಸರಿಗೆ ಶ ಬದಲಿಗೆ ಸ ಅದ, ಅದಕ್ಕ ಅಶೋಕ ಅಸೋಕ ಆಗ್ಯಾನ. ಫೋಟೊ ದೊಡ್ಡದು ಮಾಡಿ ಆ ಕೂಡಿಸೋ ಚಿಹ್ನೆ ಹುಡುಕ್ರಿ. ಸಾಲಿ ಹುಡುಗರಿಗೆ ಇದನ್ನೇ ಒಂದು ಆಟದಂಗ ಕೊಡಬಹುದು. ಒಂದು ಎಚ್ಚರ: ಕರ್ನೂಲ್ ಸೀಮಿ ಎರ್ರಗುಡಿ ಶಾಸನದ ಫೋಟೊ ಆದ್ರ ಕೆಲವು ಸಾಲು ಬಲದಿಂದ ಎಡಕ್ಕ ಓಡ್ತಾವ, ಎತ್ತು ಗಳೇ ಹೊಡದಂಗ ಹೋಗಿ ಬರೋ ಬರವಣಿಗಿ. ಅಲ್ಲಿ ಈ ಉಪಾಯ ತಿರುಗಿ ಹಾಕಬೇಕು.

ರಾಯಚೂರು ಕಲ್ಲು ಪೂರ್ತಿ ಖರೆ. ಒಳಕೋಟೆಯ ಪಶ್ಚಿಮ ಗೋಡೆಯಾಗ ಅದ, ಸುಮಾರು 41 ಅಡಿ ಉದ್ದ, 3 ಅಡಿ ಅಗಲ. ಮ್ಯಾಲೆ ತೆಲುಗು ಶಾಸನ, ಕಾಲ 1294, ಕೋಟೆ ಕಟ್ಟಿಸಿದವರು ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ. ಮಗ್ಗಲಿಗೆ ಆ ಕಲ್ಲನ್ನೇ ಗಾಲಿ ಬಂಡಿ ಮ್ಯಾಲೆ ಹೇರಿ ಎಳೆಯೋ ಚಿತ್ರ ಗೀಚ್ಯಾರ. ಉದ್ದಕ ಕೋಣಗಳ ಸಾಲು, ಹೊಡೆಯೋ ಆಳುಗಳು, ಹಿಂದ ಗಾಲಿಗೆ ಸನ್ನಿ ಕೋಲು ಕೊಟ್ಟು ಮೀಟೋ ಮಂದಿ. "ಆನೆ ಎಳೆದವು" ಅಂತ ಯಾರರ ಬರೆದಿದ್ರ ತಿದ್ರಿ. ಕಟ್ಟಡದ ಕೆಲಸ ಹೆಂಗ ನಡೀತು ಅಂತ ಕಟ್ಟಿದವರೇ ಚಿತ್ರ ಬಿಟ್ಟು ಹೋಗೋದು ಬಹಳ ಅಪರೂಪ. ಈ ಐದರಾಗ ನನಗ ದೊಡ್ಡದು ಇದೇ.

ತೂಕ ಎಷ್ಟು ಅಂತ ಹುಡುಗರು ಕೇಳ್ತಾರ. ಗೋಡೆಯೊಳಗ ದಪ್ಪ ಎಷ್ಟದ ಅಂತ ಹೊರಗಿಂದ ಕಾಣೂದಿಲ್ಲ, ಅದಕ್ಕ ಒಂದಡಿ ದಪ್ಪಕ್ಕ ಲೆಕ್ಕ ಕೊಡ್ರಿ: 41 ಅಡಿ ಅಂದ್ರ 12.5 ಮೀಟರ್, 3 ಅಡಿ ಅಂದ್ರ 0.91, ಒಂದಡಿ 0.305. ಗುಣಿಸಿದ್ರ ಹತ್ತಿರ ಹತ್ತಿರ 3.5 ಘನ ಮೀಟರ್. ಗ್ರಾನೈಟ್ ಘನ ಮೀಟರಿಗೆ 2.7 ಟನ್. ಅಂದ್ರ ದಪ್ಪ ಒಂದೊಂದು ಅಡಿಗೆ ಒಂಬತ್ತು ಟನ್ ದಾಟ್ತದ. "ನೂರು ಟನ್" ಅಂತ ಹಾಕಿದವರಿಗೆ ದಪ್ಪ ಎಷ್ಟು ಹಿಡಿದ್ರಿ ಅಂತ ಕೇಳ್ರಿ.

ಆನೆಗೊಂದಿ ಹರಿಗೋಲು, ಗಂಗಾವತಿ

ರಥದ ಫೋಟೊ ನಿಜ ಆಗಿರೋ ಸಾಧ್ಯತೆನೇ ಹೆಚ್ಚು, ಯಾಕಂದ್ರೆ ಆ ಗೋಪುರ ನಿಜವಾಗಿ ಇತ್ತು. ಕರ್ನಲ್ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಫೋಟೊ ತೆಗೆದಾಗ ರಥದ ಮೇಲೆ ಇಟ್ಟಿಗೆ ಗಾರೆಯ ಶಿಖರ ನಿಂತಿತ್ತು. ಆಮೇಲೆ ಅದನ್ನ ತೆಗೆದ್ರು. ಇವತ್ತು ಐವತ್ತು ರೂಪಾಯಿ ನೋಟಿನ ಹಿಂದೆ ನಾವು ನೋಡೋದು ತಲೆ ಬೋಳಾದ ರಥ. ಅದನ್ನೇ ನೋಡಿ ನೋಡಿ ಕಣ್ಣಿಗೆ ರೂಢಿ ಆಗಿದೆ, ಹಾಗಾಗಿ ಅಸಲಿ ಫೋಟೊನೇ ನಕಲಿ ಥರ ಕಾಣುತ್ತೆ.

ಆದರೂ ನಿಮ್ಮ ಕೈಗೆ ಬಂದಿರೋ ಕಡತ ಆ ಫೋಟೊನೇನಾ, ಅದನ್ನ ನೋಡಿ ಎಐ ಬಿಡಿಸಿದ್ದಾ ಅಂತ ಬೇರೆ ನೋಡಬೇಕು. ನಾನು ಮಾಡೋ ಕ್ರಮ ಇದು. ಫೋಟೊನ ಫೋನಿಗೆ ಇಳಿಸಿ, ಮೇಲೆ ಕೆಳಗೆ ಬರೆದಿರೋ ಅಕ್ಷರ, ಪೇಜಿನ ಗುರುತು ಎಲ್ಲ ಕತ್ತರಿಸಿ ಬರೀ ರಥ ಉಳಿಸಿ. ಅಕ್ಷರ ಇದ್ದರೆ ಫೋಟೊದಿಂದ ಹುಡುಕೋ ಗೂಗಲ್ ಲೆನ್ಸ್ ರಥ ಬಿಟ್ಟು ಅಕ್ಷರದ ಹಿಂದೆ ಹೋಗುತ್ತೆ, ಅದೇ ಪೋಸ್ಟರುಗಳನ್ನೇ ನೂರು ಸಲ ತೋರಿಸುತ್ತೆ. ಕತ್ತರಿಸಿದ್ದನ್ನ ಲೆನ್ಸಿಗೆ ಕೊಡಿ, ಆಮೇಲೆ ಟಿನ್‌ಐ ಅನ್ನೋ ತಾಣಕ್ಕೂ ಕೊಡಿ. ಟಿನ್‌ಐನಲ್ಲಿ ಫಲಿತಾಂಶನ "ಹಳೆಯದು ಮೊದಲು" ಅಂತ ಜೋಡಿಸಬಹುದು. ಅಲ್ಲಿ ಕಾಣೋ ತಾರೀಖು ಆ ತಾಣದ ಯಂತ್ರ ಫೋಟೊನ ಮೊದಲು ಕಂಡ ದಿನ, ಫೋಟೊ ತೆಗೆದ ದಿನ ಅಲ್ಲ. ಆದರೂ 2015ರಲ್ಲೇ ಕಂಡಿದ್ದರೆ ಎಐ ಮಾತು ಅಲ್ಲಿಗೇ ಮುಗೀತು. ಫೋಟೊದೊಳಗಿನ ಕ್ಯಾಮೆರಾ ಮಾಹಿತಿ ಹುಡುಕೋಕೆ ಹೋಗಬೇಡಿ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದ ಕೂಡಲೇ ಅದು ಅಳಿಸಿ ಹೋಗಿರುತ್ತೆ. ಯಾರ ಹತ್ತಿರಾದರೂ ಮೂಲ ಕಡತ ಇದ್ದರೆ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ, ಆಗ ಗಾತ್ರನೂ ಕುಗ್ಗಲ್ಲ.

ಕಣ್ಣಲ್ಲೇ ನೋಡೋದಾದರೆ ಗ್ರೀನ್‌ಲಾ ಬಳಸಿದ್ದು ಮೇಣ ಸವರಿದ ಕಾಗದದ ನೆಗೆಟಿವ್. ಹಾಗಾಗಿ ಚಿತ್ರದಲ್ಲಿ ಕಾಗದದ ನಾರು ಮಸುಕಾಗಿ ಕಾಣಬೇಕು. ಬೆಳಕು ಬೀಳೋಕೆ ಬಹಳ ಹೊತ್ತು ಬೇಕಿತ್ತು, ಓಡಾಡೋ ಜನ ಮಾಯ ಆಗ್ತಾರೆ, ಎಲೆಗಳು ಹೊಗೆಯಂಗೆ ಅಳ್ಳಾಡಿರ್ತವೆ. ಆಗಿನ ರಾಸಾಯನಿಕಕ್ಕೆ ನೀಲಿ ಬೆಳಕು ಅತಿಯಾಗಿ ಹತ್ತುತ್ತಿತ್ತು, ಅದಕ್ಕೆ ಆಕಾಶ ಬರೀ ಬಿಳಿ. ನಿಮ್ಮ ಫೋಟೊದಲ್ಲಿ ರಾಶಿ ರಾಶಿ ಮೋಡ, ರಥದ ಮುಂದೆ ನಗ್ತಾ ನಿಂತ ಹತ್ತು ಜನ, ಒಂದೊಂದು ಎಲೆನೂ ಚೂಪಾಗಿ ಇದ್ದರೆ ಅದು 1856ರದ್ದಲ್ಲ.

ಇನ್ನೊಂದು ಗುರುತು ರಥದ ಮುಂದೆ. ಈಗ ಅಲ್ಲಿ ಎರಡು ಆನೆ ಇವೆ. ಆದರೆ ಅವು ಮೂಲದವಲ್ಲ, ಮೊದಲು ಕುದುರೆ ಇದ್ದವು; ಆನೆಗಳ ಹಿಂದೆ ಕುದುರೆಯ ಹಿಂಗಾಲು, ಬಾಲದ ಉಳಿಕೆ ಇನ್ನೂ ಕಾಣುತ್ತೆ. ಎಐ ಬಿಡಿಸಿದ ಚಿತ್ರದಲ್ಲಿ ಈ ಮುರುಕು ಭಾಗ ಇರಲ್ಲ, ಅದು ಎಲ್ಲವನ್ನೂ ನುಣ್ಣಗೆ ಪೂರ್ತಿ ಮಾಡಿಬಿಡುತ್ತೆ. ಒಡೆದದ್ದನ್ನ ಒಡೆದ ಜಾಗದಲ್ಲೇ ಬಿಡೋದು ಅದಕ್ಕೆ ಕಷ್ಟ.

ಅಡಿಬರಹದಲ್ಲಿ "ಏಕಶಿಲಾ ರಥ" ಅಂತ ಬರೀಬೇಡಿ. ಅದು ಹಲವು ಗ್ರಾನೈಟ್ ತುಂಡು ಜೋಡಿಸಿ ಕಟ್ಟಿದ ಗರುಡನ ಗುಡಿ. ಜೋಡಣೆಯ ಸಂದನ್ನ ಕೆತ್ತನೆಯ ಗೆರೆಯೊಳಗೆ ಮುಚ್ಚಿದ್ದಾರೆ, ಅದೇ ಅವರ ಕೈಚಳಕ. ಏಕಶಿಲೆ ಅಂದರೆ ಆ ಕೈಚಳಕಕ್ಕೇ ಬೆಲೆ ಇಲ್ಲದಂಗೆ ಆಗುತ್ತೆ. ಊರು ಬರೆಯುವಾಗ ಹಂಪಿ ಈಗ ವಿಜಯನಗರ ಜಿಲ್ಲೆ, 2021ರಿಂದ.

ಮತ್ತೆ ಕರಿಕಲ್ಲು ಅಣ್ಣಾ, ನಾದದ ಬಂಡೆ ಬಳ್ಳಾರಿಗಷ್ಟೇ ಅಲ್ಲ. ನಮ್ಮ ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಮನೆಗಳ ಹತ್ತಿರ ನಗಾರಿ ಗುಂಡು ಇದೆ, ಎತ್ತರದ ಬಂಡೆ ಮೇಲೆ ಕೂತಿರೋ ಅರ್ಧಗೋಳದ ಕಲ್ಲು. ಅಲ್ಲಿ ಸಣ್ಣದು ದೊಡ್ಡದು ಸೇರಿ ನಾನ್ನೂರರಷ್ಟು ಶಿಲಾ ಸಮಾಧಿಗಳಿವೆ, 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಊರವರು ಮೊರೇರ ಮನೆ ಅಂತಾರೆ. ಮುಂದಿನ ಭಾನುವಾರದ ಪಟ್ಟಿಗೆ ಇಟ್ಟುಕೊಳ್ಳಿ.

ಪಲ್ಲಕ್ಕಿಗುಂಡು, ಕೊಪ್ಪಳ

ಎಲ್ಲಾರಿಗೂ ಶರಣ್ರಿ. ಫೋಟೊದಾಗ ಆಕಾಶ ಬಿಳಿ ಐತಿ, ಜನ ಒಬ್ರೂ ಇಲ್ಲ. ಕತ್ತರಿಸಿ ಟಿನ್‌ಐಗೆ ಕೊಟ್ಟೆ, ಎಐ ಬರೋಕಿಂತ ಎಷ್ಟೋ ವರ್ಷ ಮೊದಲಿನ ಪುಟಗಳು ಬಂದವು. ಹರಿಗೋಲು ಅಣ್ಣಾರ, ಕುದುರಿ ಬಾಲದ ವಿಷಯ ಭಾಳ ಚಲೋ ಆತು, ಅದನ್ನೇ ಅಡಿಬರಹ ಮಾಡತೀವಿ. ಆದ್ರ ಹಳೇ ಪುಸ್ತಕದಾಗ ನೋಡೋಣಂದ್ರ ಬಳ್ಳಾರಿ, ಕೊಪ್ಪಳ ಅಂತ ಹುಡುಕಿದ್ರ ಏನೂ ಸಿಗವಲ್ದು. ಐದನೇದು ಡ್ಯಾಂ ವಿಡಿಯೊ ಬಗ್ಗೆ ಯಾರೂ ಹೇಳಲಿಲ್ರಿ.

ಎಡದಂಡೆ, ಸಿಂಧನೂರು

ಡ್ಯಾಂ ಲೆಕ್ಕ ನಾ ಹೇಳ್ತೀನ್ರಿ. ನಮ್ಮ ಭತ್ತ ನಿಂತಿರೋದೇ ಆ ನೀರಿನ ಮ್ಯಾಲೆ.

ಮೊದಲು ವಿಡಿಯೊ ಯಾವ ಡ್ಯಾಮಿಂದು ಅಂತ ನೋಡ್ರಿ. ತುಂಗಭದ್ರಾಕ್ಕ 33 ಕ್ರೆಸ್ಟ್ ಗೇಟ್ (ಡ್ಯಾಮಿನ ನೆತ್ತಿ ಕಡೆಯ ಗೇಟ್) ಅವ, ಒಂದೊಂದು 60 ಅಡಿ ಅಗಲ, 20 ಅಡಿ ಎತ್ತರ. ವಿಡಿಯೊ ನಿಲ್ಲಿಸಿ ಎಣಿಸ್ರಿ. ಆಲಮಟ್ಟಿಗೆ 26, ಅದನ್ನ ತಂದು ಇಲ್ಲಿ ಹಾಕಿದ್ರ ಎಣಿಕೆಯಾಗೇ ಸಿಕ್ಕಿ ಬೀಳ್ತದ. ಒಂದೇ ಗೇಟಿನ ಜಾಗದಾಗ ನೀರು ಬುಸುಗುಟ್ಟಿ ಹೊಂಟಿದ್ದು, ಉಳಿದವು ಬ್ಯಾರೆ ರೀತಿ ಕಂಡ್ರ ಅದು 2024ರ ಆಗಸ್ಟ್ ವಿಡಿಯೊ ಇರಬಹುದು. ಆ ತಿಂಗಳ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯ್ತು, ವಾರದೊಳಗ ಅದರ ಬದಲಿಗೆ ನೀರು ತಡೆಯೋ ಉಕ್ಕಿನ ಹಲಗೆ, ಅಂದ್ರ ಸ್ಟಾಪ್‌ಲಾಗ್ ಇಳಿಸಿದ್ರು. ಮಳಿ ಹಿಡಿದಾಗೆಲ್ಲ ಆ ವಿಡಿಯೊ "ಈಗ ಬಂದ ಸುದ್ದಿ" ಅಂತ ಮತ್ತ ಎದ್ದು ಬರ್ತದ. ವಾಟ್ಸಾಪಿನಾಗ ಮ್ಯಾಲೆ ಜೋಡಿ ಬಾಣದ ಗುರುತು ಇದ್ರ ಅದು ಬಹಳ ಕೈ ದಾಟಿ ಬಂದದ ಅಂತ ಅರ್ಥ, ಬಿಸಿ ಸುದ್ದಿ ಅಲ್ಲ.

ಇನ್ನ "ನಾಳೆಗೆ ಖಾಲಿ". ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕ 86,400 ಸೆಕೆಂಡು. ಲಕ್ಷ ಕ್ಯೂಸೆಕ್ 24 ತಾಸು ಬಿಟ್ಟರ 864 ಕೋಟಿ ಘನ ಅಡಿ, ಅಂದ್ರ 8.64 ಟಿಎಂಸಿ. ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಹೂಳು ತುಂಬಿ ಕಮ್ಮಿ ಆದ ಮ್ಯಾಲೂ ಜಲಾಶಯ ಹಿಡಿಯೋದು 105.788 ಟಿಎಂಸಿ, ಮೊದಲು 133 ಇತ್ತು. ಭಾಗಿಸ್ರಿ: ಮ್ಯಾಲಿಂದ ಒಂದು ಹನಿ ಬರದಿದ್ರೂ ಹನ್ನೆರಡು ದಿನ ಬೇಕು. ಅದೂ ಆಗೂದಿಲ್ಲ, ಯಾಕಂದ್ರ ತುಂಬಿದ ಮಟ್ಟ 1633 ಅಡಿ, ಗೇಟು 20 ಅಡಿ, ಹಂಗಾಗಿ ಗೇಟಿನ ತಳ 1613. ಅದಕ್ಕಿಂತ ಕೆಳಗಿನ ನೀರು ಈ ಗೇಟಿನಿಂದ ಹೊರಗ ಬರೋ ದಾರಿನೇ ಇಲ್ಲ. ನೆನಪಿಗೆ ಒಂದು ಅಂಕಿ ಇಟ್ಟುಕೊಳ್ರಿ: 11,574 ಕ್ಯೂಸೆಕ್ ಒಂದು ದಿನ ಹರಿದ್ರ ಒಂದು ಟಿಎಂಸಿ. ಪೇಪರಿನಾಗ ಒಳಹರಿವು ಓದಿದ ಕೂಡ್ಲೇ ಬಾಯಿಲೆಕ್ಕ ಮಾಡಬಹುದು.

ಗೇಟು ಬಿಟ್ಟು ನೀರೇ ನೋಡಬೇಕಂದ್ರ ಉಪಗ್ರಹದ ಚಿತ್ರ ತೋರಿಸೋ ಕೊಪರ್ನಿಕಸ್ ಬ್ರೌಸರ್ ಅನ್ನೋ ತಾಣ ತೆರೀರಿ, ಪುಕ್ಕಟೆ ಅದ. ಹುಡುಕೋ ಜಾಗದಾಗ ಹೊಸಪೇಟೆ ಹಾಕಿ, ಸೆಂಟಿನೆಲ್-2 ಆರಿಸಿ, ಮೋಡ 20 ಶೇಕಡಾಕ್ಕಿಂತ ಕಮ್ಮಿ ಅಂತ ಇಡ್ರಿ. ಒಂದು ಚುಕ್ಕಿಗೆ 10 ಮೀಟರ್, ಐದು ದಿನಕ್ಕೊಮ್ಮೆ ಹೊಸ ಚಿತ್ರ. ಜುಲೈ ಆಗಸ್ಟಿನಾಗ ಬರೀ ಮೋಡ ಕಂಡು ಮಂದಿ ಬಿಟ್ಟುಬಿಡ್ತಾರ. ಆಗ ಸೆಂಟಿನೆಲ್-1ಕ್ಕ ಹೋಗ್ರಿ, ಅದು ರಾಡಾರ್, ಮೋಡ ತೂರಿ ನೋಡ್ತದ. ನಿಂತ ನೀರು ಕನ್ನಡಿಯಂಗ ರಾಡಾರ್ ಅಲೆಯನ್ನ ಆಚೆ ಹಾರಿಸಿಬಿಡ್ತದ, ವಾಪಸ್ ಏನೂ ಬರೂದಿಲ್ಲ, ಹಂಗಾಗಿ ಜಲಾಶಯ ಕಪ್ಪಗ ಕಾಣ್ತದ. ನಾಟಿ ಮಾಡಿದ ಹೊಸ ಭತ್ತದ ಗದ್ದೆನೂ ಆವಾಗ ಕಪ್ಪೇ, ಅದನ್ನ ಪ್ರವಾಹ ಅಂತ ಓದಿ ತಪ್ಪು ಮಾಡಬ್ಯಾಡ್ರಿ. ಮೇ ತಿಂಗಳದು ಒಂದು, ಅಕ್ಟೋಬರಿಂದು ಒಂದು ಪಕ್ಕ ಪಕ್ಕ ಇಟ್ಟು ಹಾಕ್ರಿ, ಆ ಸುಳ್ಳು ವಿಡಿಯೊಕ್ಕಿಂತ ಹತ್ತು ಪಟ್ಟು ನೋಡೋಹಂಗ ಇರ್ತದ.

ದತ್ತಮಂಡಲ, ಬಳ್ಳಾರಿ

ಹಳೆಯ ಪುಸ್ತಕ ಸಿಗದಿರೋದಕ್ಕೆ ಕಾರಣ ಕಾಗುಣಿತ ಮತ್ತೆ ಆಡಳಿತ. ಬಳ್ಳಾರಿಯ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನದು ಬೇಕಂದ್ರೆ ಬಿ, ಇ, ಎರಡು ಎಲ್, ಎ, ಆರ್, ವೈ ಅಂತ ಹಾಕಬೇಕು. ಹೊಸಪೇಟೆಗೆ "ಹಾಸ್ಪೆಟ್". ನಿಮ್ಮ ಕೊಪ್ಪಳ ನಿಜಾಮರ ಕಾಲದ ಕಾಗದದಲ್ಲಿ "ಕೊಪ್ಬಾಳ್": ಕೆ, ಒ, ಪಿ, ಬಿ, ಎ, ಎಲ್. ಅದು ಸಾಲಾರ್ ಜಂಗ್ ಮನೆತನದ ಜಹಗೀರು ಆಗಿತ್ತು, ಜಹಗೀರಿನ ಹೆಸರಲ್ಲೂ ಹುಡುಕಿ. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೂ ಮೊದಲಿನದೆಲ್ಲ ರಾಯಚೂರು ಜಿಲ್ಲೆಯ ಸಂಪುಟದೊಳಗೆ ಇರುತ್ತೆ. ಬಳ್ಳಾರಿ 1953ರ ಅಕ್ಟೋಬರ್ 1ರ ತನಕ ಮದ್ರಾಸಿನ ಕಡೆ, ಅದಕ್ಕೇ ನಮ್ಮದು ಮದ್ರಾಸ್ ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ವಿವರದ ಸರ್ಕಾರಿ ಪುಸ್ತಕ) ಸಾಲಿನಲ್ಲಿ ಸಿಗೋದು. ಬಳ್ಳಾರಿ ಸಂಪುಟ 1904ರದ್ದು. ಹೊಳೆಯ ಆಚೆ ಈಚೆ ಎರಡು ಊರು, ದಾಖಲೆ ಮಾತ್ರ ಒಂದು ಚೆನ್ನೈ ಕಡೆ, ಒಂದು ಹೈದರಾಬಾದ್ ಕಡೆ. 19ನೇ ಶತಮಾನದ ಹಂಪಿ ಫೋಟೊ ಹುಡುಕೋಕೆ "ಬೀಜಾನಗ್ಗರ್" ಅನ್ನೋ ಕಾಗುಣಿತವನ್ನೂ ಹಾಕಿ ನೋಡಿ.

ಸತ್ತ ಲಿಂಕಿಗೆ ವೇಬ್ಯಾಕ್ ಮಷೀನ್, ಅಂದ್ರೆ ಪುಟಗಳ ನಕಲು ಉಳಿಸಿಡೋ ತಾಣ. ಹಂಚೋಕೆ ಮೊದಲೇ ಆ ತಾಣದ "ಸೇವ್ ಪೇಜ್ ನೌ" ಪೆಟ್ಟಿಗೆಗೆ ಪುಟದ ವಿಳಾಸ ಅಂಟಿಸಿ ಒತ್ತಿ, ಒಂದೆರಡು ನಿಮಿಷ ಬಿಟ್ಟು ಬರೋ ಹೊಸ ವಿಳಾಸವನ್ನ ಮೂಲದ ಜೊತೆ ಹಾಕಿ. ಉಳಿಸಿದ ಮೇಲೆ ಕಡ್ಡಾಯವಾಗಿ ಒಮ್ಮೆ ತೆರೆದು ನೋಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟ ಕೊಟ್ಟರೆ ಲಾಗಿನ್ ಕೇಳೋ ಖಾಲಿ ಪರದೆ ಉಳಿದಿರುತ್ತೆ. ಅಂಥದ್ದಕ್ಕೆ ಪರದೆ ಚಿತ್ರ ತೆಗೆದು ಇಟ್ಟುಕೊಳ್ಳೋದೇ ದಾರಿ. ವಿಡಿಯೊನೂ ನಂಬಿಕೆಯಾಗಿ ಉಳಿಯಲ್ಲ. ಬರಹ, ಪಿಡಿಎಫ್ ಚೆನ್ನಾಗಿ ಉಳಿತವೆ. ಆ ವಿಳಾಸದ ನಡುವೆ ಹದಿನಾಲ್ಕು ಅಂಕಿ ಇರುತ್ತೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಅದು ಗ್ರೀನಿಚ್ ಸಮಯ, ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ಬೆಳಗಿನ ಜಾವ ಐದಕ್ಕೆ ಉಳಿಸಿದರೆ ಹಿಂದಿನ ದಿನದ ತಾರೀಖು ಬೀಳುತ್ತೆ, ಗಾಬರಿ ಬೇಡ.

ಲಿಂಕನ್ನ ಚಿಕ್ಕದು ಮಾಡೋಕೆ ಪ್ರಶ್ನೆ ಚಿಹ್ನೆಯ ನಂತರದ್ದೆಲ್ಲ ಅಳಿಸಿ ಅಂತ ಹೇಳ್ತಾರಲ್ಲ, ಎಲ್ಲ ಕಡೆ ಹಾಗೆ ಮಾಡಬೇಡಿ. ಬಹುಪಾಲು ಸುದ್ದಿ ತಾಣದಲ್ಲಿ ಅಲ್ಲಿರೋದು ನೀವು ಎಲ್ಲಿಂದ ಬಂದ್ರಿ ಅಂತ ಹಿಂಬಾಲಿಸೋ ಬಾಲ, ಅಳಿಸಬಹುದು. ಯೂಟ್ಯೂಬಿನ ಉದ್ದನೆಯ ವಿಳಾಸದಲ್ಲಿ ವಿಡಿಯೊದ ಗುರುತೇ ಪ್ರಶ್ನೆ ಚಿಹ್ನೆಯ ಆಚೆ ಇರುತ್ತೆ, ಅಳಿಸಿದರೆ ಮುಖಪುಟ ತೆರೆಯುತ್ತೆ. ಅಳಿಸಿದ ಲಿಂಕನ್ನ ಇನ್ನೊಂದು ಫೋನಿನಲ್ಲಿ ಒತ್ತಿ ನೋಡಿಯೇ ಗುಂಪಿಗೆ ಹಾಕಿ.

ಪಲ್ಲಕ್ಕಿಗುಂಡು, ಕೊಪ್ಪಳ

ಬರಕೊಂಡ್ವಿ ಸರ್. "ಕೊಪ್ಬಾಳ್" ಅಂತ ಹಾಕಿದ ಕೂಡ್ಲೇ ಪುಟಗಳು ಬಂದವು, ಹುಡುಗರಿಗೆ ಅದೇ ಒಂದು ದೊಡ್ಡ ಖುಷಿ. ಕಡೀ ಸಂಶಯ ಒಂದು: ಕನ್ನಡ ವಿಕಿಪೀಡಿಯದ ಲಿಂಕ್ ನಕಲು ಮಾಡಿ ಅಂಟಿಸಿದ್ರ ಪರ್ಸೆಂಟ್ ಚಿಹ್ನಿ, ಅಂಕಿ, ಇಂಗ್ಲಿಷ್ ಅಕ್ಷರ ಸೇರಿ ಮಾರುದ್ದ ಆಗತೈತಿ. ಲಿಂಕ್ ಹಾಳಾಗೈತಿ ಅಂತ ಯಾರೂ ಒತ್ತಂಗಿಲ್ಲ.

ದತ್ತಮಂಡಲ, ಬಳ್ಳಾರಿ

ಹಾಳಾಗಿಲ್ಲ, ಅದೇ ವಿಳಾಸ. ಕನ್ನಡದ ಒಂದೊಂದು ಸಂಕೇತಕ್ಕೆ ಯೂನಿಕೋಡಿನಲ್ಲಿ ಮೂರು ಬೈಟ್, ಒಂದು ಬೈಟನ್ನ ವಿಳಾಸದಲ್ಲಿ ಬರೆಯೋಕೆ ಪರ್ಸೆಂಟ್ ಚಿಹ್ನೆ ಸೇರಿ ಮೂರು ಅಕ್ಷರ. ಒಟ್ಟು ಒಂಬತ್ತು. "ಕೊಪ್ಪಳ" ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ ಆರು ಸಂಕೇತ: ಕ, ಒತ್ವದ ಗುರುತು, ಪ, ಅರ್ಧಾಕ್ಷರದ ಗುರುತು, ಪ, ಳ. ಆರೊಂಬತ್ಲೆ ಐವತ್ನಾಲ್ಕು. ವಿಕಿಪೀಡಿಯದವರದೇ ಚಿಕ್ಕ ವಿಳಾಸದ ಸೇವೆ ಇದೆ, "ಡಬ್ಲ್ಯು ಡಾಟ್ ವಿಕಿ" ಅಂತ. ಕಂಪ್ಯೂಟರಿನಲ್ಲಿ ಪುಟದ ಪಕ್ಕದ ಸಲಕರಣೆಗಳ ಪಟ್ಟಿಯಲ್ಲಿ ಚಿಕ್ಕ ವಿಳಾಸ ಪಡೆಯೋ ಆಯ್ಕೆ ಒತ್ತಿದರೆ ಇಪ್ಪತ್ತು ಅಕ್ಷರದ ಆಸುಪಾಸಿನಲ್ಲಿ ಮುಗಿಯುತ್ತೆ. ಬೇರೆ ಖಾಸಗಿ ಚಿಕ್ಕ ವಿಳಾಸದ ಸೇವೆ ಬಳಸಬೇಡಿ. ಆ ಸೇವೆ ನಿಂತ ದಿನ ನಿಮ್ಮ ಎಲ್ಲ ಭಾನುವಾರದ ಲಿಂಕುಗಳೂ ಒಟ್ಟಿಗೇ ಹೋಗ್ತವೆ.